ಡಿಕ್ಕಿಯ ಭಾರ

ಮಾಜಿವಾಡಾ ಬಡಾವಣೆಯ ಹಿಂದೆ ಒಂದು ಬಾವಿ ಇದೆ. ರಾತ್ರಿ ಅದರ ಪಕ್ಕ ನಡೆದರೆ ನನ್ನ ಮನೆ ಹತ್ತಿರ. ನಾನು ಸುತ್ತಿ ಹೋಗುತ್ತೇನೆ... ಹನ್ನೆರಡು ನಿಮಿಷ ಹೆಚ್ಚು. ಹೆದರಿಕೆಗಿಂತ ಹೇಸಿಗೆಗೆ.

೨೦೧೧ರ ಜುಲೈಯಲ್ಲಿ ನನ್ನ ಮಾವನ ಮಗ ಯತಿನ್‌ಗೆ ಆದದ್ದು ಇದು.

ಮಾವ ಹರಿಶ್ಚಂದ್ರ ಅವರದು ನೌಪಾಡಾದಲ್ಲಿ ಹೋಟೆಲು. ಮುಚ್ಚಿದ ಮೇಲೆ ಎಂಜಲು, ಕರಿದು ಕಪ್ಪಾದ ಎಣ್ಣೆ, ಹುಳಿತ ಸಾಂಬಾರು ಎಲ್ಲ ನೂರು ಲೀಟರಿನ ಡ್ರಮ್ಮಿಗೆ. ಡ್ರಮ್ಮು ಆ ಬಾವಿಗೆ. ಪಕ್ಕದಲ್ಲೇ ಕಟ್ಟಡದ ಕೆಲಸ. ಅಲ್ಲಿ ದುಡಿಯುತ್ತಿದ್ದ ರಾಯಚೂರಿನ ಬಾಲಪ್ಪ ಹೋಟೆಲಿಗೇ ಬಂದು ಕೈಮುಗಿದ.

"ಅಣ್ಣಾರ, ಆ ನೀರ ನಾವು ಕುಡೀತೀವ್ರಿ."

"ಟ್ಯಾಂಕರ್ ತರಿಸು ಮಾರಾಯ," ಅಂದರು ಮಾವ, ಹಲ್ಲುಕಡ್ಡಿ ತೆಗೆಯದೆ.

ಜೂನ್ ಕೊನೆಗೆ ಬಾಲಪ್ಪನ ಹೆಂಡತಿ ಸತ್ಯಮ್ಮ ವಾಂತಿಭೇದಿಯಲ್ಲಿ ಸತ್ತಳು. ಡ್ರಮ್ಮು ನಿಲ್ಲಲಿಲ್ಲ.

ಮಳೆಗಾಲಕ್ಕೆ ಡ್ರಮ್ಮು ಹೊರುವ ಟೆಂಪೋ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಮಾವ ಹಳೆಯ ಫುಲ್‌ಟೈಮ್ ಫೋರ್ ವೀಲ್ ಡ್ರೈವ್ ಗಾಡಿ ಕೊಂಡರು. ಅದರಲ್ಲಿ ಎಂಜಿನ್ನಿನ ಬಲ ಸದಾ ನಾಲ್ಕೂ ಚಕ್ರಕ್ಕೆ ಹಂಚಿ ಹೋಗುತ್ತದೆ. ಒಂದೊಂದು ಟೈರಿನ ಮೇಲೆ ಬೀಳುವುದು ಸ್ವಲ್ಪವೇ ಬಲ. ಆದ್ದರಿಂದ ಕೆಸರಿನಲ್ಲೂ ತಿರುವಿನಲ್ಲೂ ಬೇಗ ಜಾರುವುದಿಲ್ಲ. ಒಳ್ಳೆಯ ಯಂತ್ರ. ಎಂಜಲು ಹೊರುತ್ತಿತ್ತು.

ಆ ರಾತ್ರಿ ಯತಿನ್ ಗಾಡಿಯ ಹಿಂಬದಿಯನ್ನು ಬಾವಿಕಟ್ಟೆಗೆ ತಂದು ಡ್ರಮ್ಮು ವಾಲಿಸಿದ. ಘುಳ್... ಘುಳ್... ಚಪ್. ಖಾಲಿ. ಡಿಕ್ಕಿ ಮುಚ್ಚಿ ಹೊರಟರೆ ಗಾಡಿ ಅಲುಗಲಿಲ್ಲ. ನಾಲ್ಕೂ ಚಕ್ರ ತಿರುಗಿದವು. ನೆಲದ ತುಂಬ ತಿಂಗಳುಗಟ್ಟಲೆ ಚೆಲ್ಲಿದ ಎಣ್ಣೆ. ಅವನದೇ ಎಣ್ಣೆ.

ಎಂಜಿನ್ ನಿಲ್ಲಿಸಿದ. ಆಗ ಕೇಳಿಸಿತು... ಕೀಂಕ್... ಕೀಂಕ್... ರಾಟೆಯ ಸದ್ದು. ಆ ಬಾವಿಗೆ ರಾಟೆ ಇಲ್ಲ.

"ನಾಕೂ ಗಾಲಿ ತಿರಗತಾವಲ್ಲೋ ಯಪ್ಪಾ..." ಕಿವಿಯ ಹತ್ತಿರವೇ, ಹೆಂಗಸಿನ ಪಿಸುದನಿ.

"ಯಾರು?"

"ಹಿಂದ ಭಾರ ಇಲ್ಲ. ಅದಕ ಜಾರತೈತಿ. ತಡಿ..."

ಡಿಕ್ಕಿಯಲ್ಲಿ ಗಳಗಳಗಳ... ನೀರು ಸುರಿದ ಸದ್ದು. ಸ್ಪ್ರಿಂಗು ಕಿರ್ರ್ ಎಂದು ಹಿಂಬದಿ ಕೆಳಗಿಳಿಯಿತು. ಯತಿನ್ ಹಿಂದೆ ತಿರುಗಲಿಲ್ಲ. ಗಾಡಿ ಚಾಲೂ ಮಾಡಿದ. ಚಕ್ರಗಳು ನೆಲ ಕಚ್ಚಿ ಹಿಡಿದವು. ಗಾಡಿ ಎಣ್ಣೆಯಿಂದ ಹೊರಗೆ ಬಂತು.

ಬೆಳಿಗ್ಗೆ ನಾವಿಬ್ಬರೂ ಡಿಕ್ಕಿ ತೆರೆದೆವು. ಡ್ರಮ್ಮು ಖಾಲಿ. ಒಣಗಿತ್ತು. ಆದರೆ ಗಾಡಿಯ ಹಿಂಬದಿ ಮೇಲೇಳಲಿಲ್ಲ. ಡ್ರಮ್ಮು ಇಳಿಸಿ, ಲಾರಿ ತೂಗುವ ಕಾಟಾದ ಮೇಲೆ ಗಾಡಿ ಏರಿಸಿದೆವು. ಆರ್‌ಸಿ ಪುಸ್ತಕದಲ್ಲಿದ್ದ ತೂಕಕ್ಕಿಂತ ನೂರು ಕಿಲೋ ಹೆಚ್ಚು.

"ಇನ್ನು ನಾನು ಹೋಗುವುದಿಲ್ಲ ಅಪ್ಪ. ಸತ್ಯಮ್ಮ ಅಲ್ಲೇ ಇದ್ದಾಳೆ," ಅಂದ ಯತಿನ್.

ಮಾವ ಕಾಟಾದ ತೂಕದ ಚೀಟಿ ನೋಡಿ ನಕ್ಕರು. "ಭಾರ ಇದ್ದರೆ ಒಳ್ಳೆಯದೇ ಅಲ್ಲವಾ? ಇನ್ನು ಗಾಡಿ ಜಾರುವುದಿಲ್ಲ."

ಮರುರಾತ್ರಿ ತಾವೇ ಡ್ರಮ್ಮು ತೆಗೆದುಕೊಂಡು ಹೋದರು. ಒಂದೇ ಸಲ. ಬಂದವರು ಕೈ ತೊಳೆಯುತ್ತಲೇ ಇದ್ದರು. ಆಮೇಲೆ ಬಾವಿಗೆ ಡ್ರಮ್ಮು ಹೋಗಲಿಲ್ಲ.

ಖಾಲಿ ಗಾಡಿಯನ್ನು ನಾನು ಮತ್ತೆ ತೂಗಿಸಿದೆ. ನಂಬದವರಿಗೆ ಎರಡೂ ಚೀಟಿ ತೋರಿಸುತ್ತೇನೆ, ಪರ್ಸಿನಲ್ಲೇ ಇವೆ. ಎರಡನೆಯದರಲ್ಲಿ ಆರ್‌ಸಿ ಪುಸ್ತಕದ ತೂಕಕ್ಕಿಂತ ಇನ್ನೂರು ಕಿಲೋ ಹೆಚ್ಚು.