ಆರನೇ ಸ್ವರಕ್ಕೆ ಬೆರಳಿಲ್ಲ

ದೀಪ ಸ್ವಲ್ಪ ಸಣ್ಣ ಮಾಡು. ಹೂಂ... ಇದು ಯಾರೋ ಹೇಳಿದ ಕತೆಯಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಅಕ್ಕ ಹಗಲೆಲ್ಲ ಮನೇಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡ್ತಿದ್ದಳು. ಸಂಜೆಯಾದರೆ ಸಂಗೀತ ನಾಟಕದಲ್ಲಿ ಹಾಡಿ ಕುಣೀತಿದ್ದಳು. ಒಂಟಿ ಜೀವ.

ಅವತ್ತು ನಾಟಕ ಮುಗಿದಾಗ ಹನ್ನೊಂದು ದಾಟಿತ್ತು. ಜೊತೆಗೆ ಮೇಕಪ್ಪಿನವನಿದ್ದ. ಗಲ್ಲಿಯ ಬಾವಿ ಹತ್ತಿರ ಬಂದಾಗ ಅಕ್ಕ ಗಕ್ಕನೆ ನಿಂತಳು.

"ಕೇಳಿಸ್ತಾ?"

"ಏನು ಮೇಡಂ?"

"ಪಿಯಾನೊ..."

ಟಣ್... ಟಣ್... ಟಣ್... ಐದು ಸ್ವರ ಮೇಲಕ್ಕೆ ಹತ್ತಿತು. ಆರನೆಯದಕ್ಕೆ 'ಟಕ್', ಉಗುರು ಮರಕ್ಕೆ ತಗುಲಿದ ಸದ್ದು. ಅಷ್ಟೇ. ಮತ್ತೆ ಮೊದಲಿಂದ.

"ಮನೆಗೆ ಬೀಗ ಹಾಕಿರಲಿಲ್ವಾ?"

ಅಕ್ಕ ಮುಷ್ಟಿ ಬಿಚ್ಚಿ ಬೀಗದ ಕೈ ತೋರಿಸಿದಳು. ದಿನಾ ರಾಕ್ಷಸರಿಗೆ ಬಣ್ಣ ಬಳಿಯೋ ಆಸಾಮಿ, ಹಿಂತಿರುಗಿ ನೋಡದೆ ಓಟ ಕಿತ್ತ!

ಅಕ್ಕನಿಗೂ ಓಡಬೇಕು ಅನ್ನಿಸಿತು. ಆದರೆ ಆ ತಡವರಿಕೆ ಯಾರದು ಅಂತ ಅವಳಿಗೆ ಗೊತ್ತಿತ್ತು.

ಮೂರು ವಾರದ ಹಿಂದಿನ ಮಾತು. ಎಂಟು ವರ್ಷದ ಶಿಷ್ಯೆ, ಪಕ್ಕದ ಬೀದಿ ಟೈಲರ್ ಮಗಳು. ಅಕ್ಕನಿಗೆ ನಾಟಕಕ್ಕೆ ಹೊತ್ತಾಗಿತ್ತು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಹೊಸ ಪಾಠದ ಮೇಲೆ ಪೆನ್ಸಿಲ್ಲಿಂದ ಬೆರಳಿನ ನಂಬರ್ ಬರೆದಳು, ಹೆಬ್ಬೆರಳಿಗೆ ಒಂದು, ಕಿರುಬೆರಳಿಗೆ ಐದು, ಹಾಗೆ. "ಎಂಟು ಸ್ವರ. ಒಂದ್ಸಲ ತಪ್ಪಿಲ್ಲದೆ ಬರಬೇಕು. ಬರೋವರೆಗೆ ಸ್ಟೂಲಿಂದ ಏಳ್ಬಾರದು, ಆಯ್ತಾ ಪುಟ್ಟಿ? ಆಮೇಲೆ ಬಾಗಿಲು ಎಳ್ಕೊಂಡು ಹೋಗು." ಎಲ್ಲ ಮಕ್ಕಳಿಗೂ ಹೇಳೋ ಮಾಮೂಲಿ ಮಾತು. ಉಳಿದವು ಐದೇ ನಿಮಿಷಕ್ಕೆ ಎದ್ದು ಓಡ್ತಿದ್ವು. ಇವಳು ಏಳಲಿಲ್ಲ. ಟೀಚರ್ ಮನೇಲಿದ್ದಾಳಲ್ಲ ಅಂತ ಅಪ್ಪ ಅಮ್ಮನೂ ಸುಮ್ಮನಿದ್ದರು. ಕತ್ತಲಾಯ್ತು. ಕೊನೆಗೆ ಹೆದರಿ ಓಡಿದ್ದಾಳೆ... ಬಾವಿಗೆ ಕಟ್ಟೆ ಇರಲಿಲ್ಲ.

ಅಕ್ಕ ಬೀಗ ತೆಗೆದಳು. ಸ್ಟೂಲ್ ಮೇಲೆ ಯಾರೂ ಇಲ್ಲ. ಬಿಳಿ ಕೀಗಳು ಮಾತ್ರ ಒಂದೊಂದಾಗಿ ತಗ್ಗುತ್ತಿವೆ.

"ಸಾಕು ಪುಟ್ಟಿ... ಎದ್ದೇಳಮ್ಮಾ. ಮನೆಗೆ ಹೋಗು."

ಸದ್ದು ನಿಂತಿತು. ಆಮೇಲೆ ಕಿವಿ ಹತ್ತಿರವೇ ಪಿಸುಮಾತು.

"ಇನ್ನೂ ಬಂದಿಲ್ಲ ಟೀಚರ್."

ಅಕ್ಕ ಪುಸ್ತಕ ನೋಡಿದಳು. ನಾಲ್ಕನೇ ಸ್ವರಕ್ಕೆ ಹೆಬ್ಬೆರಳನ್ನ ಅಡಿಯಿಂದ ತೂರಿಸಿಕೊಂಡು ಬರಬೇಕು, ಅಲ್ಲಿ 'ಒಂದು' ಅಂತಿರಬೇಕು. ಅವಸರದಲ್ಲಿ 'ನಾಲ್ಕು' ಬರೆದುಬಿಟ್ಟಿದ್ದಾಳೆ! ಹಾಗೆ ನುಡಿಸಿದರೆ ಐದನೇ ಸ್ವರಕ್ಕೇ ಕೈಬೆರಳು ಮುಗೀತಲ್ಲ. ಆ ಮಗು ಕತ್ತಲಾಗೋವರೆಗೂ ಇಲ್ಲದ ಬೆರಳನ್ನ ಹುಡುಕಿದೆ.

"ತಪ್ಪು ನಂದು ಕಣೇ... ಹೆಬ್ಬೆರಳು ತಗೋ!"

"ನೀವು ನಾಲ್ಕು ಅಂತ ಬರ್ದಿದೀರಲ್ಲಾ."

ಅಕ್ಕ ರಬ್ಬರಿನಿಂದ ಅಳಿಸಿ 'ಒಂದು' ಬರೆದಳು. ತಾನೇ ನುಡಿಸಿ ತೋರಿಸಿದಳು. ಮತ್ತೆ ಕೀಗಳು ತಾವಾಗೇ ತಗ್ಗಿದವು. ಟಣ್... ಟಣ್... ಐದು ಸ್ವರ. ಟಕ್. ಕೈ ಹಿಡಿದು ಕಲಿಸೋಣ ಅಂದರೆ ಹಿಡಿಯೋಕೆ ಕೈಯೇ ಇಲ್ಲ. ಬೈದಳು, ಬೇಡಿಕೊಂಡಳು, ನೆಲಕ್ಕೆ ಕೂತು ಹೋ ಅಂತ ಅತ್ತಳು. ಬೆಳಗಾಗೋವರೆಗೂ ಅದೇ. ಮಾರನೇ ರಾತ್ರಿಯೂ ಅದೇ.

ಆರು ವರ್ಷ ಆಯ್ತು. ರಾತ್ರಿ ಹುಡುಗಿ ಒಬ್ಬಳೇ ಆಗ್ತಾಳೆ ಅಂತ ಅಕ್ಕ ನಾಟಕ ಬಿಟ್ಟಳು. ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ. ಇನ್ನೇನು ತಾನೇ ಮಾಡ್ತಾಳೆ, ಪಾಪ...

ನಂಬಲ್ವಾ? ಬಿಡು, ನನಗೇನೂ ನಷ್ಟ ಇಲ್ಲ. ಆದರೆ ಆ ಸ್ಟೂಲನ್ನ ನಾನೇ ಕೈಯಾರೆ ತಿರುಗಿಸಿ ನೋಡಿದೀನಿ. ಸುತ್ತಿದರೆ ಏರೋ ಸ್ಟೂಲು ಅದು. ಚಿಕ್ಕ ಮಕ್ಕಳಿಗೆ ಎತ್ತರ ಮಾಡಬೇಕು, ದೊಡ್ಡವರಾಗ್ತಾ ಆಗ್ತಾ ಇಳಿಸಬೇಕು. ಅಕ್ಕ ದಿನಾ ಸಂಜೆ ಅದನ್ನ ಪೂರ್ತಿ ಇಳಿಸಿಡ್ತಾಳೆ. ಬೆಳಿಗ್ಗೆ ನೋಡಿದರೆ ಏರಿರುತ್ತೆ. ಮೊದಲ ವರ್ಷ ಹನ್ನೊಂದು ಸುತ್ತು ಏರ್ತಿತ್ತು. ಮೊನ್ನೆ ಹೋದಾಗ ನಾನೇ ಎಣಿಸಿದೆ, ದೇವರಾಣೆ... ಐದೇ ಸುತ್ತು.