ಒಲೆಯ ಪಕ್ಕದ ಸೌದೆ

ಮಧ್ಯಾಹ್ನ ಅಂಗಿ ಬಿಚ್ಚಿ ಕೂರುವಷ್ಟು ಬಿಸಿಲಿದ್ದ ಡೆಂಪ್‌ಸ್ಟರ್ ರಸ್ತೆಯಲ್ಲಿ ಸಂಜೆಗೆ ಮಳೆ ಹಿಡಿದು, ಮಳೆಯೇ ಹಿಮವಾಯಿತು. ಜುಲೈ ತಿಂಗಳು, ಉತ್ತರ ಧ್ರುವಕ್ಕೆ ಹತ್ತಿರದ ಯೂಕಾನ್ ಸೀಮೆಗೆ ಇದೇನೂ ಹೊಸದಲ್ಲ. ಕೆಸರಿನಲ್ಲಿ ಮುಂದೆ ಹೋಗಲಾರದೆ ರಸ್ತೆಬದಿಯ ಪ್ರವಾಸಿ ಶಿಬಿರದಲ್ಲೇ ಉಳಿದವರೆಲ್ಲ ಮರದ ಆಸರೆಮನೆಗೆ ಬಂದು ಕಬ್ಬಿಣದ ಒಲೆಯ ಸುತ್ತ ಕೂತರು. ಗಾರ್ತ್ ಕೂಡ ಬಂದ. ಅವನ ಹೆಂಡತಿ ಲೊರೇನ್ ತಲೆನೋವೆಂದು, ಹೊರಗೆ ನಿಲ್ಲಿಸಿದ್ದ, ಹಾಸಿಗೆ-ಅಡುಗೆಗೆಲ್ಲ ಜಾಗವಿರುವ ಅವರ ಮನೆಗಾಡಿಯಲ್ಲೇ ಹೀಟರ್ ಹಾಕಿಕೊಂಡು ಮಲಗಿದ್ದಳು. ಒಲೆಯ ಪಕ್ಕ ಜೋಡಿಸಿದ್ದ ಒಣಸೌದೆಯನ್ನೆಲ್ಲ ಗಾರ್ತ್ ಬೆಳಿಗ್ಗೆಯೇ ಆ ಗಾಡಿಯ ಹೊಟ್ಟೆಗೆ ತುಂಬಿಕೊಂಡಿದ್ದ. ಸಾಸೇಜ್ ಸುಡಲು ಬೇಕಿತ್ತು, ಅಷ್ಟೇ.

ಆ ಸೀಮೆಯ ಮೂಲನಿವಾಸಿಗಳಾದ ಗ್ವಿಚಿನ್ ಜನರ ಮುದುಕಿ ಎಫೀ ತನ್ನ ಟ್ರಕ್ಕಿನಿಂದ ಸೌದೆ ತಂದು ಒಲೆ ಹಚ್ಚಿದಳು. ಖಾಲಿ ಮೂಲೆ ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

“ಯಾರು ತಗೊಂಡ್ರಿ ಅಂತ ನಾನು ಕೇಳೋದಿಲ್ಲ... ಕೇಳೋಳು ಬೇರೆ ಇದಾಳೆ. ನನ್ನ ತಂಗಿ ಮೈರಾ. ಇಂಥದೇ ಜುಲೈ, ಇಂಥದೇ ಹಿಮ... ಅವಳ ಟ್ರಕ್ಕು ಕೆಸರಲ್ಲಿ ಹೂತು, ನೆನೆದು ತೊಪ್ಪೆಯಾಗಿ, ನಡ್ಕೊಂಡು ಈ ಬಾಗಿಲಿಗೆ ಬಂದ್ಲು. ಯಾಕೆ ಬಂದ್ಲು? ಇಲ್ಲಿ ಒಣಸೌದೆ ಇರುತ್ತೆ ಅಂತ. ನಾವೆಲ್ಲ ಉರಿಸಿದಷ್ಟು ಸೀಳಿಟ್ಟೇ ಹೋಗ್ತೀವಿ, ಮುಂದೆ ಬರೋರು ಮಳೇಲಿ ನೆನ್ಕೊಂಡು ಬರ್ತಾರೆ ಅಂತ! ಅವತ್ತು ಒಂದು ತುಂಡೂ ಇರ್ಲಿಲ್ಲ. ಒಬ್ಬ ಮಹಾರಾಯ ಎಲ್ಲಾನೂ ತನ್ನ ಮನೆಗಾಡಿಗೆ ತುಂಬ್ಕೊಂಡು, ಅಗೋ ಅಲ್ಲಿ, ಬೆಚ್ಚಗೆ ಮಲಗಿದ್ದ. ಮೈರಾ ಹೋಗಿ ಅವನ ಗಾಡಿ ಬಾಗಿಲು ಬಡಿದ್ಲು... ಕೂಗಿದ್ಲು... ತೆಗೀಲಿಲ್ಲ! ಕರಡಿ ಅನ್ಕೊಂಡನಂತೆ. ಕರಡಿ ಬಂದು ‘ಅಣ್ಣಾ, ಒಂದು ಕೊರಡು ಕೊಡು’ ಅನ್ನುತ್ತೇನ್ರಪ್ಪಾ? ಬೆಳಿಗ್ಗೆ ನೋಡಿದ್ರೆ ಈ ಒಲೆ ಮುಂದೆ ಕೂತೇ ಇದ್ಲು... ಬೆಂಕಿಕಡ್ಡಿಯೆಲ್ಲ ಗೀರಿ ಮುಗ್ಸಿ.”

“ನಾಲ್ಕು ತುಂಡು ಸೌದೆಗೆ ಇಷ್ಟು ಕೋಪಾನಾ ಅಜ್ಜಿ?” ಎಂದು ಗಾರ್ತ್ ನಗಲು ನೋಡಿದ.

“ನಾಲ್ಕು ತುಂಡಿಗೇ ನನ್ನ ತಂಗಿ ಸತ್ತಿದ್ದು ಕಣಪ್ಪಾ! ಮುಂದಿನ ಬೇಸಿಗೆ ಅದೇ ಮನುಷ್ಯ ಮತ್ತೆ ಬಂದ, ನಾಚಿಕೆಗೆಟ್ಟೋನು. ಮತ್ತೆ ಹಿಮ ಬಿತ್ತು. ಬೆಳಿಗ್ಗೆ ನಾವೇ ಹೋಗಿ ಅವನ ಗಾಡಿ ಬಾಗಿಲು ಒಡೆದ್ವಿ... ಹೀಟರ್ ಉರೀತಾನೇ ಇತ್ತು, ಒಳಗೆ ಬೆವರು ಕಿತ್ಕೊಂಡು ಬರೋ ಸೆಕೆ. ಅವನು ಮಾತ್ರ ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದ, ಹುಬ್ಬಿನ ಮೇಲಿನ ಹಿಮಾನೂ ಕರಗಿರ್ಲಿಲ್ಲ. ಎದುರಿಗಿದ್ದ ಕುರ್ಚಿ ಒದ್ದೆಯಾಗಿತ್ತು... ಯಾರು ಕೂತಿದ್ರು ಹೇಳಿ?”

ಗಾರ್ತ್‌ಗೆ ಗಾಡಿಯಲ್ಲಿ ಒಬ್ಬಳೇ ಇದ್ದ ಲೊರೇನಳ ನೆನಪಾಯಿತು. ಈಗಲೇ ಹೋಗಿ ಸೌದೆಯನ್ನು ತಂದಿಟ್ಟುಬಿಡಬೇಕೆಂದು ಎದ್ದ. ಅಷ್ಟರಲ್ಲಿ ಬಾಗಿಲು ತೆರೆದು ಲೊರೇನಳೇ ಒಳಗೆ ಬಂದಳು.

“ಇಲ್ಲಿದ್ದೀಯಾ? ಯಾರೋ ಹೆಂಗಸು ಬಾಗಿಲು ಬಡಿದ್ಲು ಕಣೋ, ಪಾಪ, ಪೂರ್ತಿ ನೆನೆದುಹೋಗಿದ್ದಾಳೆ. ಒಳಗೆ ಕೂರಿಸಿ ಬಂದೆ. ಟವೆಲ್ ಕೊಟ್ರೆ ಬೇಡ ಅಂದ್ಲು. ಸೌದೇನ ಈ ಗಾಡಿಗೆ ತುಂಬ್ಕೊಂಡೋರು ಬರ್ಲಿ, ಕಾಯ್ತೀನಿ ಅಂದ್ಲು.”

ಎಫೀ ಅಜ್ಜಿ ಅವಳನ್ನು ಒಲೆಯ ಬಳಿಗೆ ಎಳೆದು ಕೂರಿಸಿ ತನ್ನ ಕಂಬಳಿ ಹೊದಿಸಿದಳು. “ಬಾಗಿಲು ತೆಗೆದವಳು ನೀನು. ನಿನಗೇನೂ ಆಗಲ್ಲ ಮಗಳೇ.”

ಆಮೇಲೆ ಗಾರ್ತ್ ಕಡೆಗೆ ತಿರುಗಿದಳು.

“ಹೋಗಪ್ಪಾ. ನನ್ನ ತಂಗೀನ ಇನ್ನೂ ಕಾಯಿಸ್ಬೇಡ.”