ಕಡಲಿಗೆ ಬಿಟ್ಟ ರೊಟ್ಟಿ

ಕೊನೆಯ ಬಸ್ಸು ಬೋನಾಳ ಕ್ರಾಸಿನಲ್ಲಿ ಇಳಿಸಿದಾಗ ರಾತ್ರಿ ಹತ್ತು ದಾಟಿತ್ತು. ನಮ್ಮ ದೊಡ್ಡಪ್ಪನ ಮಗ ದೇವಿಂದ್ರ ಮಲ್ಪೆಯಿಂದ ಬರುತ್ತಿದ್ದ. ಎರಡು ದಿನದಿಂದ ಹೊಟ್ಟೆಗೆ ಕೂಳಿಲ್ಲ. ಹಸಿವಿಗಿಂತ ಸಿಟ್ಟು ದೊಡ್ಡದಿತ್ತು.

ಸಾಬಣ್ಣನ ಹೊಲದ ಬಾವಿ ದಾಟಿದ್ದೇ ತಡ, ಹಿಂದೆ ಸದ್ದು. ಪಚಕ್... ಪಚಕ್... ಒದ್ದೆ ಕಾಲಿನ ಸದ್ದು. ಮಳೆ ಬಿದ್ದು ಮೂರು ತಿಂಗಳಾಗಿತ್ತು. ದಾರಿಯಲ್ಲಿ ಬರೀ ಧೂಳು.

ಅವನು ನಿಂತ. ಸದ್ದೂ ನಿಂತಿತು.

ಸಿಟ್ಟಿಗೆ ಕಾರಣವಿತ್ತು. ಅವನ ತಮ್ಮ ಪರಮಣ್ಣ ಮಲ್ಪೆಯಲ್ಲಿ ಮೀನಿನ ಬೋಟಿಗೆ ದುಡಿಯಲು ಹೋದವನು, ಏಳು ತಿಂಗಳಿಂದ ಸುದ್ದಿಯಿಲ್ಲ. "ಕೆಲಸ ಬಿಟ್ಟು ಓಡಿ ಹೋದ ಮಾರಾಯ," ಎಂದು ಬೋಟಿನ ಮಾಲಕ ಫೋನಿನಲ್ಲಿ ಅಂದಿದ್ದ. ಊರು ಅದನ್ನೇ ಅಗಿಯಿತು. ಯಾವಳನ್ನೋ ಇಟ್ಟುಕೊಂಡಾನ ಅಂದರು. ಅವ್ವ ಮಾನಮ್ಮನಂತೂ ಪರಮಣ್ಣನ ಹೆಂಡತಿ ಪರಿಮಳಾಗೆ ದಿನಾ ಚುಚ್ಚುತ್ತಿದ್ದಳು: "ನೀ ಚಂದ ಇಟ್ಕೊಂಡಿದ್ರ ನನ್ನ ಮಗ ಯಾಕ ಓಡತಿದ್ದ?"

ದೇವಿಂದ್ರ ಹೋಗಿ ಕೇಳಿದ. ಮಾಲಕ ಚಹಾ ಕುಡಿಯುತ್ತ ಅದೇ ಮಾತು ಅಂದ. ಅದೇ ಬೋಟಿನ ಆಳು, ಶಹಾಪುರದ ಲಾಡ್ಲೇಸಾಬ, ಸಂಜೆ ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ದ್ವೀಪದ ಹತ್ರ ಬಲೆ ಎಳಿಯೂವಾಗ ಬಿದ್ದ. ಬೋಟ್ ತಿರುಗಸ್ರಿ ಅಂತ ಒದರಿದೆ. ಮಾಲಕ ಅಲ್ಲೇ ಇದ್ದ... ಮುಖ ಆ ಕಡಿ ಮಾಡಿದ."

ಮರುದಿನ ಪ್ರವಾಸಿಗರ ದೋಣಿ ಹತ್ತಿ ದೇವಿಂದ್ರ ಆ ದ್ವೀಪಕ್ಕೆ ಹೋದ. ಭೂಮಿಯ ಹೊಟ್ಟೆಯ ಬೆಂಕಿ ಉಕ್ಕಿ, ಆರಿ, ಆದ ಕರಿಗಲ್ಲು. ಕಡಿದು ಒಟ್ಟಿದ ತೊಲೆಗಳ ಹಾಗೆ ಸಾಲಾಗಿ ನಿಂತಿತ್ತು. ಅದರ ಮೇಲೆ ಹತ್ತಿ ಮಂದಿ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಬುತ್ತಿಯ ಖಡಕ್ ರೊಟ್ಟಿ ತೆಗೆದ. ನಮ್ಮ ಕೃಷ್ಣೆಯ ದಂಡೆಯಲ್ಲಿ, ಹೊಳೆಯ ಪಾಲಾದವರಿಗೆ ರೊಟ್ಟಿ ನೀರಿಗೆ ಬಿಟ್ಟು "ಉಂಡು ಹೋಗು" ಅನ್ನುತ್ತೇವೆ. ಹೊಳೆ ಒಯ್ಯುತ್ತದೆ. ಸತ್ತವನೂ ಹೋಗುತ್ತಾನೆ.

ಕಡಲು ಹೊಳೆಯಲ್ಲ. ಬಿಟ್ಟ ರೊಟ್ಟಿಯನ್ನು ತೆರೆ ತಿರುಗಿ ತಂದು ಅವನ ಪಾದಕ್ಕೇ ಹಾಕಿತು. ಮತ್ತೆ ಬಿಟ್ಟ. ಮತ್ತೆ ತಂದಿತು. ಮೂರನೇ ಸಲ, ನೆನೆದು ಹರಿದ ಆ ರೊಟ್ಟಿ ಕಂಡು ತಲೆ ಕೆಟ್ಟಿತು. ಸತ್ತವರಿಗೆ ಆಡಬಾರದ ಮಾತು ಆಡಿಬಿಟ್ಟ:

"ಇಲ್ಲಿ ಉಣ್ಣಾಂಗಿಲ್ಲಂದ್ರ ಮನಿಗೇ ಬಾರಲೇ!"

ಈಗ ಬಾವಿಯ ಈಚೆ, ಕತ್ತಲಲ್ಲಿ, ಬೆನ್ನ ಹಿಂದೆ ಹನಿ ಬೀಳುತ್ತಿತ್ತು. ಟಪ್... ಟಪ್...

"ಯಾಕ ಬಂದಿ?" ತಿರುಗದೆ ಕೇಳಿದ.

"ನೀನ ಕರದಿಯಲ್ಲಣ್ಣಾ..."

"ಓಡಿ ಹೋದಿ ಅಂತಾರಲ್ಲೋ ಎಲ್ಲಾರೂ."

ಹನಿಯ ಸದ್ದು ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ...

"ಓಡಾಕ ಅಲ್ಲಿ ನೆಲ ಎಲ್ಲದಣ್ಣಾ?"

ದೇವಿಂದ್ರ ಹಿಂದೆ ನೋಡಲಿಲ್ಲ. ಮನೆ ಮುಟ್ಟಿ ಬಾಗಿಲು ಬಡಿದ. ಚಿಲಕ ಕಿರ್ರ್ ಅಂದಿತು. ಪರಿಮಳಾ ಅವನ ಹೆಗಲಿನಾಚೆ ನೋಡಿದಳು. ಚೀರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಉಂಡು ಹೋಗು ಅನ್ನು ಪರಿಮಳಾ," ದೇವಿಂದ್ರ ಪಿಸುಗುಟ್ಟಿದ. "ಅಂದ್ರ ಹೋಗ್ತಾನ."

"ಅನ್ನಾಂಗಿಲ್ಲ ಭಾವಾ." ಅವಳು ಪಿಸುಗುಟ್ಟಲಿಲ್ಲ. "ಏಳು ತಿಂಗಳು ಈ ಓಣಿ ಮಾತು ನಾ ಉಂಡೀನಿ." ಕತ್ತಲಿಗೆ ಕೈಮಾಡಿ ಕಟ್ಟೆ ತೋರಿಸಿದಳು. "ಕುಂದ್ರಲ್ಲಿ. ಬೆಳಗಾಗ್ಲಿ. ನಿಮ್ಮವ್ವ ಎದ್ದು ನೋಡ್ಲಿ."

ಹಸಿ ಬಟ್ಟೆ ಕಲ್ಲಿಗೆ ತಾಗಿದ ಸದ್ದು... ಪಸಕ್. ಆಮೇಲೆ ರಾತ್ರಿಯಿಡೀ ಟಪ್... ಟಪ್...

ಬೆಳಗ್ಗೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಒಬ್ಬ ಕೂತಷ್ಟು ಅಗಲಕ್ಕೆ ಕಲ್ಲು ಬೆಳ್ಳಗಾಗಿತ್ತು. ಮಾನಮ್ಮ ಬೆರಳು ಒತ್ತಿ ನಾಲಗೆಗೆ ಹಚ್ಚಿಕೊಂಡಳು. ಉಪ್ಪು. ಉಗುಳಲಿಲ್ಲ. ಅವತ್ತಿನಿಂದ ಸೊಸೆಗೆ ಒಂದು ಮಾತೂ ಅಂದಿಲ್ಲ.

ಸುಳ್ಳು ಅನ್ನುವವರು ಬೋನಾಳಕ್ಕೆ ಬನ್ನಿ. ಆ ಕಲ್ಲಿನ ಮೇಲೆ ಒಂದು ಮಳೆಗಾಲ ಪೂರಾ ಸುರಿದು ಹೋಗಿದೆ. ಓಣಿಯ ದನಗಳು ಈಗಲೂ ಮೇವು ಬಿಟ್ಟು ಬಂದು ಅದನ್ನು ನೆಕ್ಕುತ್ತವೆ.